ತಣ್ಣನೆ ಕಾಲಿನವನ ಕೂಗು

ಇಡೀ ಸಾವೊ ಪೌಲೊ ಜಾಲಾಡಿ, ಬೇಕಾದರೆ ಇಡೀ ಬ್ರೆಜಿಲ್ ಜಾಲಾಡಿ, ನನ್ನ ಕಾಲಿನಷ್ಟು ತಣ್ಣನೆಯ ಕಾಲು ಇನ್ನೊಂದು ಸಿಗುವುದಿಲ್ಲ. ಇದು ಚಳಿಯ ಮಾತಲ್ಲ. ಯಾವನು ಮೈದಾನಕ್ಕೆ ಕಾಲಿಟ್ಟರೆ ಅವನ ತಂಡವೇ ಸೋಲುತ್ತದೋ ಅವನನ್ನು ನಮ್ಮಲ್ಲಿ ತಣ್ಣನೆ ಕಾಲಿನವನು ಎನ್ನುತ್ತಾರೆ. ಅಂಥವರು ಬೀದಿಗೊಬ್ಬರಿದ್ದಾರೆ, ಆದರೆ ಅವರೆಲ್ಲ ಚಿಲ್ಲರೆ ಜನ. ಒಬ್ಬನ ಕಾಲ್ಗುಣಕ್ಕೆ ಒಂದು ಪೆನಾಲ್ಟಿ ತಪ್ಪೀತು, ಇನ್ನೊಬ್ಬನದಕ್ಕೆ ಒಂದು ಪಂದ್ಯ ಹೋದೀತು. ನಾನು ದೇಶವನ್ನೇ ಸೋಲಿಸಿದವನು.

ಐವತ್ತನೆಯ ಇಸವಿಯಲ್ಲಿ ಉರುಗ್ವೆಯವರು ಮರಕನಾ ಮೈದಾನದಲ್ಲಿ ನಮ್ಮ ಬಾಯಿಗೆ ಮಣ್ಣು ಹಾಕಿ ವಿಶ್ವಕಪ್ ಹೊತ್ತುಕೊಂಡು ಹೋದರಲ್ಲ, ಆ ದಿನ ನಾನು ರಿಯೋದಲ್ಲಿ ಇರಲೇ ಇಲ್ಲ. ಇಲ್ಲಿ ಸಾವೊ ಪೌಲೊದಲ್ಲಿ ಮಂಗನಬಾವು ಬಂದು ಕುಂಬಳಕಾಯಿಯಂಥ ಮುಖ ಹೊತ್ತು ಮಲಗಿದ್ದೆ. ಪಕ್ಕದ ಮನೆಯ ರೇಡಿಯೋ ಕೇಳಿಸಿಕೊಳ್ಳೋಣವೆಂದು ಎದ್ದು ಅವರ ಹೊಸ್ತಿಲ ಮೇಲೆ ಒಂದು ಕಾಲಿಟ್ಟೆ. ಒಂದೇ ಕಾಲು. ಉರುಗ್ವೆ ಎರಡನೆಯ ಗೋಲು ಹೊಡೆಯಿತು. ಆ ಮನೆಯವರು ಇವತ್ತಿಗೂ ನನ್ನನ್ನು ಕಂಡರೆ ಉಗುಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಐವತ್ತೆಂಟರಲ್ಲಿ ಕಪ್ ಗೆದ್ದೆವು. ನಾನು ಅಪೆಂಡಿಕ್ಸ್ ಕೊಯ್ಸಿಕೊಂಡು ಪ್ರಜ್ಞೆಯಿಲ್ಲದೆ ಬಿದ್ದಿದ್ದೆ. ಅರವತ್ತೆರಡರಲ್ಲಿ ಗೆದ್ದೆವು; ಯಾರದೋ ಹಲ್ಲು ಉದುರಿಸಿದ್ದಕ್ಕೆ ಪೊಲೀಸರು ಲಾಕಪ್ಪಿನಲ್ಲಿಟ್ಟಿದ್ದರು. ಅರವತ್ತಾರರಲ್ಲಿ ಆರೋಗ್ಯವಾಗಿ, ಸ್ವತಂತ್ರವಾಗಿ ರೇಡಿಯೋ ಮುಂದೆ ಕೂತಿದ್ದೆ. ನಮ್ಮವರು ಮುಖ ಮುಚ್ಚಿಕೊಂಡು ವಾಪಸ್ಸು ಬಂದರು. ಎಪ್ಪತ್ತರಲ್ಲಿ ನನ್ನ ಹೆಂಡತಿ ಲಿಂದಾಲ್ವ ನನ್ನನ್ನು ಬಚ್ಚಲುಮನೆಗೆ ನೂಕಿ ಹೊರಗಿನಿಂದ ಚಿಲಕ ಜಡಿದಳು. ಮೂರನೆಯ ಕಪ್ ಬಂತು. ಆ ಕಪ್ಪಿಗಾಗಿ ಬೆವರು ಹರಿಸಿದವರ ಪಟ್ಟಿಯಲ್ಲಿ ನನ್ನ ಹೆಸರು ಯಾಕಿಲ್ಲವೋ ನನಗೆ ತಿಳಿಯದು. ಆ ಬಚ್ಚಲಿಗೆ ಕಿಟಕಿಯಿರಲಿಲ್ಲ.

ದೇಶದ ಸಂಗತಿ ಹಾಗಿರಲಿ. ನನ್ನ ಹೊಟ್ಟೆ ಉರಿಯುವುದು ನಮ್ಮ ಬೀದಿಯ ತಂಡದ ವಿಷಯಕ್ಕೆ.

ನಮ್ಮ ತಂಡ ಫ್ಲೋರ್. ಪೂರ್ತಿ ಹೆಸರಿನ ಅರ್ಥ ರೈಲುಹಳಿಯ ಹೂವು. ನಮ್ಮಪ್ಪ ರೈಲ್ವೆ ಯಾರ್ಡಿನಲ್ಲಿ ಇದ್ದಲು ತುಂಬುತ್ತಿದ್ದ ಕಾಲಕ್ಕೆ ಅಲ್ಲಿನ ಇಂಗ್ಲಿಷ್ ದೊರೆಗಳಿಗೆ ಹುಲ್ಲುಹಾಸಿನ ಮೈದಾನವಿತ್ತು. ನಮ್ಮಂಥ ಕರಿಯರಿಗೆ ಬೇಲಿಯಾಚೆ ಬಿದ್ದ ಚೆಂಡನ್ನು ಎತ್ತಿಕೊಡುವ ಭಾಗ್ಯ ಮಾತ್ರ. ನಮ್ಮವರು ಅದನ್ನು ಕೈಯಲ್ಲಿ ಎತ್ತಿಕೊಡುವ ಬದಲು ಕಾಲಲ್ಲಿ ಒದ್ದು ಕೊಡುತ್ತಿದ್ದರು, ಅದೂ ಸರಿಯಾಗಿ ದೊರೆಯ ಟೋಪಿಗೆ ತಾಗುವಂತೆ. ಹಾಗೆ ಕಲಿತ ಆಟ ಇದು. ಆಮೇಲೆ ಕಾಲುಚೀಲಕ್ಕೆ ಚಿಂದಿ ತುರುಕಿ ಚೆಂಡು ಮಾಡಿಕೊಂಡರು, ನದಿಯಂಚಿನ ಜೌಗಿಗೆ ಇಂಜಿನ್ನಿನ ಬೂದಿ ಸುರಿದು ತಮ್ಮದೇ ಮೈದಾನ ಮಾಡಿಕೊಂಡರು. ಅದರ ಅರ್ಧ ಬೂದಿ ನಮ್ಮಪ್ಪನೊಬ್ಬನೇ ಹೊತ್ತದ್ದು. ಉಳಿದರ್ಧ ಉಳಿದವರದು, ಅವರಲ್ಲೂ ಒಳ್ಳೆಯವರಿದ್ದರು. ಇವತ್ತಿಗೂ ಅಲ್ಲಿ ಒಂದು ಎಳೆ ಹುಲ್ಲು ಮೂಡುವುದಿಲ್ಲ. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಏಳಬೇಕು.

ಎಡಗಡೆಯ ಗೋಲಿನ ಹಿಂದೆ ಅಪ್ಪ ಹಳಿಯ ತುಂಡೊಂದನ್ನು ಕಂಬದ ಹಾಗೆ ಹೂತಿದ್ದ. ಅದಕ್ಕೆ ಒರಗಿ ನಿಂತೇ ಅವನು ಸಾಯುವವರೆಗೂ ಆಟ ನೋಡಿದ. ಅವನು ಸತ್ತ ಮುಂದಿನ ಭಾನುವಾರ ಆ ಜಾಗದಲ್ಲಿ ನಾನು ನಿಂತೆ. ಅವತ್ತು ಫ್ಲೋರ್ ಸೋತಿತು. ಅದರ ಮುಂದಿನ ವಾರವೂ ಸೋತಿತು. ಆ ಮೇಲೆ ಸೋಲುವುದನ್ನೇ ರೂಢಿ ಮಾಡಿಕೊಂಡಿತು.

ಕೊನೆಗೆ ಕ್ಲಬ್ಬಿನವರೆಲ್ಲ ಸಭೆ ಸೇರಿ, ಈ ದುರ್ವಲಿನೊ ಇನ್ನು ಮೇಲೆ ಮೈದಾನದ ಗೇಟು ದಾಟಕೂಡದು ಎಂದು ಕೈಯೆತ್ತಿದರು. ಎಲ್ಲರಿಗಿಂತ ಮೊದಲು ಎತ್ತಿದವನು ಕ್ಲಬ್ಬಿನ ಅಧ್ಯಕ್ಷ ಜೆನೆಸಿಯೊ. ನನ್ನ ಹೆಂಡತಿಯ ತಮ್ಮ. ಎರಡೂ ಕೈ ಎತ್ತಿದ. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ನನ್ನನ್ನು ಬಸ್ಸಿಗೆ ತುಂಬಿ ನಗರದ ಆ ತುದಿಯಲ್ಲಿರುವ ಅತ್ತೆಯ ಮನೆಗೆ ರವಾನಿಸುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು, "ಓ, ಬಂದ್ಯಾ? ಕಾಲು ಹೊರಗೇ ಬಿಟ್ಟು ಒಳಗೆ ಬಾ" ಎನ್ನುತ್ತಿದ್ದಳು. ಮನುಷ್ಯರಲ್ಲಿ ಅಂಥ ಹೆಂಗಸು ಇನ್ನೊಬ್ಬಳಿಲ್ಲ. ಮೊಸಳೆಗಳಲ್ಲಿ ಇರಬಹುದು.

ಎಪ್ಪತ್ತಾರರಲ್ಲಿ ನಮ್ಮ ಕಡೆಯ ಬಯಲು ತಂಡಗಳ ಪಂದ್ಯಾವಳಿಯಲ್ಲಿ ಫ್ಲೋರ್ ಫೈನಲ್ ತಲುಪಿತು. ಎದುರಾಳಿ ಬ್ರೆಜೊ. ಬ್ರೆಜೊ ಎಂದರೆ ಜೌಗು. ಹಳಿಯ ಆಚೆಗೆ, ಚರ್ಮ ಹದ ಮಾಡುವ ಕಾರ್ಖಾನೆಯ ಸುತ್ತ ಇರುವ ಜನ. ನಾವು ಅವರನ್ನು ಕಪ್ಪೆಗಳು ಅನ್ನುತ್ತೇವೆ, ಅವರು ನಮ್ಮನ್ನು ಮಸಿ ಅನ್ನುತ್ತಾರೆ. ನಮ್ಮ ಹುಡುಗಿಯೊಬ್ಬಳು ಅವರ ಹುಡುಗನನ್ನು ಮದುವೆಯಾದಾಗ ಎರಡೂ ಕಡೆಯವರು ಚರ್ಚಿಗೆ ಕಪ್ಪು ಬಟ್ಟೆ ಹಾಕಿಕೊಂಡು ಹೋಗಿದ್ದರು. ಅವರ ಕಡೆ ಬೆಂಕಿ ಬಿದ್ದರೆ ನಮ್ಮ ಕಡೆ ಬೀನ್ಸು ಬೇಯಿಸಲು ಪಾತ್ರೆ ಹಿಡಿಯುತ್ತೇವೆ. ಅವರೇನು ಕಡಿಮೆಯಿಲ್ಲ, ನಮ್ಮಪ್ಪನ ಶವದ ಮೆರವಣಿಗೆ ಹಳಿ ದಾಟುವಾಗ ಅವರ ಕಡೆಯಿಂದ ಪಟಾಕಿ ಹಾರಿಸಿದರು.

ಫೈನಲ್ಲಿನ ವಾರ, ಗುರುವಾರ ಮಧ್ಯಾಹ್ನ, ಜೆನೆಸಿಯೊ ನಮ್ಮ ಮನೆಗೆ ಬಂದ. ಜೊತೆಗೆ ದೋನಾ ಜುಲ್ಮಿರಾ, ದೃಷ್ಟಿ ತೆಗೆಯುವ ಮುದುಕಿ. ಮಗುವಿಗೆ ಜ್ವರ ಬಂದರೂ, ಗೋಲಿಗೆ ಯಾರೋ ಮಾಟ ಮಾಡಿದರೂ ನಮ್ಮವರು ಮೊದಲು ಓಡುವುದು ಅವಳ ಹತ್ತಿರ. ಜೆನೆಸಿಯೊನ ಕಂಕುಳಲ್ಲಿ ಒಂದು ಕಾಗದದ ಪೊಟ್ಟಣ.

"ಭಾವ, ನಿಂಗೊಂದು ಕೆಲಸ ಐತೆ," ಅಂದ.

"ಯಾಕೆ, ರೈಲಿನ ಕೆಳಗೆ ತಲೆ ಕೊಡ್ಬೇಕಾ?"

"ಅದನ್ನ ಆಮೇಲೆ ನೋಡಣ. ಭಾನುವಾರ ಮೈದಾನಕ್ಕೆ ಬರ್ಬೇಕು ನೀನು."

ಲಿಂದಾಲ್ವ ಒಲೆಯ ಹತ್ತಿರದಿಂದ ಸೌಟು ಹಿಡಿದೇ ಬಂದಳು. "ಏನಂದೆ? ಇವನನ್ನ ಮೈದಾನಕ್ಕಾ? ನಿಂಗೆ ಬುದ್ಧಿ ಕೆಟ್ಟೈತಾ, ಇಲ್ಲಾ ಕಪ್ಪೆಗಳು ದುಡ್ಡು ಕೊಟ್ಟವಾ?"

ಅವನು ಪೊಟ್ಟಣ ಬಿಚ್ಚಿದ. ಹಸಿರು ಬಿಳಿ ಪಟ್ಟೆಯ ಅಂಗಿ. ಬ್ರೆಜೊ ಅಂಗಿ. ನಮ್ಮ ಮನೆಯ ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕದಲ್ಲಿ. ಲಿಂದಾಲ್ವ ಬ್ರೆಡ್ಡನ್ನು ಎತ್ತಿ ತಿಪ್ಪೆಗೆ ಎಸೆದಳು.

ಜುಲ್ಮಿರಾ ಕುರ್ಚಿಯಲ್ಲಿ ಕೂತು ಶಾಸ್ತ್ರ ಬಿಡಿಸಿ ಹೇಳಿದಳು. "ನೋಡಪ್ಪ, ನೀನು ಯಾವ ತಂಡಕ್ಕೆ ಕೂಗ್ತೀಯೋ ಅದು ಮುಳುಗತ್ತೆ. ಇಷ್ಟು ವರ್ಷ ನಮಗೆ ಕೂಗಿ ನಮ್ಮನ್ನ ಮುಳುಗಿಸ್ದೆ. ಈಗ ಅವ್ರಿಗೆ ಕೂಗು. ಅವ್ರ ಮಧ್ಯದಲ್ಲೇ ಕೂತ್ಕೊಂಡು, ಅವ್ರ ಅಂಗಿ ಹಾಕ್ಕೊಂಡು ಕೂಗು."

"ಅಜ್ಜಿ, ಅವರು ನನ್ನನ್ನ ಗುರುತು ಹಿಡಿದ್ರೆ ಚರ್ಮ ಸುಲಿದು ಕಾರ್ಖಾನೇಲಿ ಹದ ಮಾಡ್ತಾರೆ."

"ಮೀಸೆ ಬೋಳಿಸ್ಕೋ. ನೀನು ಗೇಟು ದಾಟಿ ಎಷ್ಟು ವರ್ಷ ಆಯ್ತು, ನಿನ್ನ ಮೂತಿ ಯಾರಿಗೆ ನೆನಪೈತೆ? ಆದ್ರೆ ಒಂದು ಮಾತು. ಬರೀ ಬಾಯಲ್ಲಿ ಕೂಗಿದ್ರೆ ನಡೆಯಲ್ಲ. ಎದೆಯಿಂದ ಬರ್ಬೇಕು. ಅವ್ರು ಗೆಲ್ಲಲಿ ಅಂತ ನಿಜವಾಗ್ಲೂ ಆಸೆ ಪಡ್ಬೇಕು."

ನನ್ನ ಮೀಸೆ ಎಂಥದ್ದು ಎಂದು ನಿಮಗೆ ಗೊತ್ತಿಲ್ಲ. ಅದನ್ನು ನೋಡಲು ಬೇರೆ ಬೀದಿಗಳಿಂದ ಹೆಂಗಸರು ಬರುತ್ತಿದ್ದರು. ಆದರೂ ನಾನು ಕೇಳಿದ್ದು ಒಂದೇ. "ಗೆದ್ರೆ ನಂಗೇನು?"

"ಏನು ಬೇಕು ಹೇಳು, ಭಾವ."

"ಅಪ್ಪನ ಕಂಬದ ಹತ್ರ ನನ್ನ ಜಾಗ. ಪ್ರತಿ ಭಾನುವಾರ. ನಾನು ಸಾಯೋವರ್ಗೂ."

ಜೆನೆಸಿಯೊ ಮುದುಕಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ, ಆಮೇಲೆ "ಆಯ್ತು" ಅಂದ. "ನಮ್ಮಮ್ಮನಾಣೆ."

"ನಿಮ್ಮಮ್ಮನ ಮೇಲೆ ಬೇಡ. ಅವಳು ಹೋಗ್ಲಿ ಅಂತ ನಾನೇ ಮೊಂಬತ್ತಿ ಹಚ್ತಾ ಇದ್ದೀನಿ. ಬೇರೆ ಆಣೆ ಹಾಕು."

"ಫ್ಲೋರ್ ಆಣೆ."

ಫ್ಲೋರ್ ಮೇಲೆ ಆಣೆ ಹಾಕಿ ತಪ್ಪಿದವರು ನಮ್ಮಲ್ಲಿ ಯಾರೂ ಇಲ್ಲ. ಒಪ್ಪಿಕೊಂಡೆ.

ಭಾನುವಾರ ಬೆಳಗ್ಗೆ ಬೋಳು ಮೂತಿಯಲ್ಲಿ, ಪಟ್ಟೆ ಅಂಗಿಯಲ್ಲಿ ಅಡುಗೆಮನೆಗೆ ಬಂದೆ. ಲಿಂದಾಲ್ವ ಕಾಫಿ ಕೊಡಲಿಲ್ಲ. "ತಂಡದ ಕೆಲಸಕ್ಕೇ ಹೋಗ್ತಿರೋದು ಕಣೇ" ಅಂದೆ. "ಗೊತ್ತು. ಆದ್ರೂ ಆ ಬಟ್ಟೆಗೆ ನನ್ನ ಲೋಟ ಕೊಡಲ್ಲ," ಅಂದಳು. ಹಿತ್ತಿಲ ಗೋಡೆ ಹಾರಿ, ಹಳಿಯುದ್ದಕ್ಕೂ ನಡೆದು, ಆಚೆಯಿಂದ ಬಂದವನ ಹಾಗೆ ಮೈದಾನ ಸೇರಿದೆ. ನಮ್ಮ ಮೈದಾನಕ್ಕೇ ನಾನು ಕಪ್ಪೆಗಳ ಗೇಟಿನಿಂದ ಒಳಗೆ ಹೋದೆ!

ಆ ದಿನ ಎಷ್ಟು ಜನ ಸೇರಿದ್ದರೆಂದರೆ, ಜಾಗ ಸಾಲದೆ ಗೂಡ್ಸ್ ಬೋಗಿಗಳ ಮೇಲೆ ನಿಂತವರು ರೈಲು ಹೊರಟರೂ ಇಳಿಯಲಿಲ್ಲ, ನೋಡುತ್ತಾ ನೋಡುತ್ತಾ ಸಾಂತೋಸ್ ಬಂದರಿಗೇ ಹೋಗಿಬಿಟ್ಟರು. ಬ್ರೆಜೊ ಕಡೆ ಹಲಗೆಯ ಮೇಲೆ ಜಾಗ ಸಿಕ್ಕಿತು. ಪಕ್ಕದಲ್ಲಿ ದೊಡ್ಡ ಡೋಲು ಕಟ್ಟಿಕೊಂಡ ಹೆಂಗಸು, ತೋಳು ಒಂದೊಂದೂ ನನ್ನ ತೊಡೆಯಷ್ಟು. ಹೆಸರು ಕ್ಲಿಯೋನಿಸ್.

"ಯಾರಪ್ಪಾ ನೀನು? ಈ ಮೂತಿ ನೋಡಿಲ್ಲವಲ್ಲ."

"ಅನ್ಸೆಲ್ಮೊ ಅಂತ ಅಕ್ಕ. ಸೊರೊಕಾಬಾದಿಂದ ಬಂದೆ. ಹುಟ್ಟಿದಾಗಿಂದ ಬ್ರೆಜೊನೇ."

"ಸೊರೊಕಾಬಾದಿಂದ! ಅಷ್ಟು ದೂರದಿಂದ! ಏಯ್, ಇವನಿಗೆ ತಿನ್ನೋಕೆ ಕೊಡ್ರೋ."

ಕೊಟ್ಟರು ನೋಡಿ. ಸಾಸೇಜು ತುಂಬಿದ ಬ್ರೆಡ್ಡು, ಸಿಪ್ಪೆಯಲ್ಲಿ ಕಟ್ಟಿ ಬೇಯಿಸಿದ ಮೆಕ್ಕೆಜೋಳದ ಕಡುಬು, ಕಬ್ಬಿನ ಸಾರಾಯಿ. ಕಪ್ಪೆಗಳ ಕೈಯಡುಗೆ ಇಷ್ಟು ರುಚಿಯೆಂದು ಯಾರೂ ನನಗೆ ಹೇಳಿರಲಿಲ್ಲ. ಸಿಟ್ಟಿನಿಂದಲೇ ಮೂರು ಜನರದ್ದು ತಿಂದೆ. "ಅಲ್ನೋಡು, ಆ ಒಂಬತ್ತನೇ ನಂಬರು, ನನ್ನ ಮಗ ವಾಲ್ದೆಸಿರ್. ಅವನು ಹೊಡೆದ್ರೆ ಬಲೆ ಹರಿಯತ್ತೆ," ಎಂದಳು ಕ್ಲಿಯೋನಿಸ್. ಎದುರುಗಡೆ ನಮ್ಮವರ ಕೆಂಪು ಬಾವುಟ. ಎಡಗೋಲಿನ ಹಿಂದೆ ಅಪ್ಪನ ಕಂಬ. ಅದಕ್ಕೆ ಜೆನೆಸಿಯೊ ಒರಗಿ ನಿಂತಿದ್ದ. ನನ್ನ ಜಾಗದಲ್ಲಿ, ಬೆನ್ನು ಉಜ್ಜುತ್ತಾ, ಹೆಂಡದಂಗಡಿಯ ಗೋಡೆಗೆ ಎತ್ತು ಉಜ್ಜಿದ ಹಾಗೆ.

ಆಟ ಶುರುವಾಯಿತು. ನಾನು ಕೂಗಿದೆ. "ಬ್ರೆಜೊ! ಬ್ರೆಜೊ!" ನನ್ನ ಗಂಟಲು ಸಾಮಾನ್ಯದ್ದಲ್ಲ, ಒಮ್ಮೆ ನಾನು ಸೀನಿದ್ದಕ್ಕೆ ಸ್ಟೇಷನ್ ಮಾಸ್ತರ ಸಿಗ್ನಲ್ ಕೊಟ್ಟುಬಿಟ್ಟಿದ್ದ. ಆದರೆ ಆ ಕೂಗು ನಾಲಿಗೆಯಿಂದ ಕೆಳಗೆ ಇಳಿಯಲಿಲ್ಲ. ಬಾಯಿ ಬ್ರೆಜೊ ಅನ್ನುತ್ತಿತ್ತು, ಹೊಟ್ಟೆ ಫ್ಲೋರ್ ಅನ್ನುತ್ತಿತ್ತು. ಪರಿಣಾಮ ಎಲ್ಲರೂ ಕಂಡರು. ಕಾರ್ನರಿನಿಂದ ಬಂದ ಚೆಂಡನ್ನು ವಾಲ್ದೆಸಿರ್ ತಲೆಯಲ್ಲಿ ಒಳಗೆ ನೂಕಿದ. ಬ್ರೆಜೊ ಒಂದು, ಫ್ಲೋರ್ ಸೊನ್ನೆ. ಕ್ಲಿಯೋನಿಸ್ ನನ್ನನ್ನು ಎತ್ತಿ ಗಾಳಿಯಲ್ಲಿ ತಿರುಗಿಸಿದಳು. "ಒಳ್ಳೇ ಕಾಲ್ಗುಣ ಕಣೋ ನಿಂದು, ಸೊರೊಕಾಬಾ!" ನನ್ನ ಜೀವಮಾನದಲ್ಲಿ ನನ್ನ ಕಾಲಿಗೆ ಸಿಕ್ಕ ಮೊದಲನೆಯ ಹೊಗಳಿಕೆ, ಅದೂ ಕಪ್ಪೆಯ ಬಾಯಿಂದ.

ಅರ್ಧವೇಳೆಯಲ್ಲಿ ನೀರಿನ ನಲ್ಲಿಯ ಹಿಂದೆ ಜೆನೆಸಿಯೊ ನನ್ನ ಕಾಲರು ಹಿಡಿದ.

"ಏನ್ ಕೂಗೋ ಅದು? ಬಾಡಿಗೆಗೆ ಅಳೋರು ಇದಕ್ಕಿಂತ ಚೆನ್ನಾಗಿ ಅಳ್ತಾರೆ!"

"ಎದೆಯಿಂದ ಬರ್ತಾ ಇಲ್ಲ ಕಣೋ. ಏನ್ ಮಾಡ್ಲಿ?"

"ಬರಸ್ಕೋ! ನಮ್ಮನ್ನ ಹಾಳು ಮಾಡೋಕೆ ಸಲೀಸಾಗಿ ಬರತ್ತೆ, ಉದ್ಧಾರ ಮಾಡೋಕೆ ಬರಲ್ವಾ? ನಿಮ್ಮ ವಂಶಾನೇ ಹಂಗೆ. ನಿಮ್ಮಪ್ಪಂದೂ ಇಂಥದೇ ಕಾಲು ಅಂತಾರೆ ಹಳಬರು. ಅವನು ಹೊತ್ತು ಹಾಕಿದ ಬೂದಿಯಿಂದ್ಲೇ ಈ ಮೈದಾನಕ್ಕೆ ಶಾಪ ತಟ್ಟಿರೋದು. ಕಪ್ ಗೆದ್ದ ಮೇಲೆ ಆ ತುಕ್ಕು ಹಿಡಿದ ಕಂಬ ಕಿತ್ತು ಗುಜರಿಗೆ ಹಾಕ್ತೀನಿ."

"ನನ್ನ ಜಾಗ?"

"ನಿಂತ್ಕೊಳ್ಳೋಕೆ ಕಂಬ ಯಾಕೋ ನಿಂಗೆ, ನಾಯಿಯಾ?" ಅಂದು ನಕ್ಕ. ಅವನ ಜೊತೆಯಲ್ಲಿದ್ದ ಕ್ಲಬ್ಬಿನವರೂ ನಕ್ಕರು.

ನಾನು ಹಲಗೆಗೆ ವಾಪಸ್ಸು ಬಂದೆ. ಎರಡನೆಯ ಅರ್ಧ ಶುರುವಾಗಿತ್ತು. ಜೆನೆಸಿಯೊ ಮತ್ತೆ ಕಂಬಕ್ಕೆ ಬೆನ್ನು ಉಜ್ಜುತ್ತಿದ್ದ. ಅವನ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದೆ. ನನ್ನ ವಿರುದ್ಧ ಕೈಯೆತ್ತಿದವರು. ನನ್ನನ್ನು ಬಸ್ಸಿಗೆ ನೂಕಿದವರು. ನಮ್ಮಪ್ಪ ಬೂದಿ ಹೊತ್ತ ನೆಲದ ಮೇಲೆ ನಿಂತು ನಮ್ಮಪ್ಪನ ಕಾಲಿಗೆ ಹೆಸರಿಡುವವರು. ಈ ಸಲ ಕೂಗು ಎದೆಯಿಂದಲೇ ಎದ್ದು ಬಂತು. ಬಂದದ್ದು ಹೀಗಿತ್ತು: "ಹೊಡೀರೋ ಬ್ರೆಜೊ! ತುಳೀರೋ ಆ ಮಸಿಮೂತಿಗಳನ್ನ! ಐದು ಹಾಕಿ, ಹತ್ತು ಹಾಕಿ, ಅವರ ಅಧ್ಯಕ್ಷ ಅಳ್ತಾ ಮನೆಗೆ ಹೋಗೋ ಹಂಗೆ ಹಾಕಿ!"

ಡೋಲು ಬಡಿಯುವುದನ್ನು ನಿಲ್ಲಿಸಿ ಕ್ಲಿಯೋನಿಸ್ ನನ್ನನ್ನೇ ನೋಡಿದಳು. "ಅಬ್ಬಾ," ಅಂದಳು. "ಇದು ಕೂಗು ಅಂದ್ರೆ."

ಅದೇ ಉಸಿರಿಗೆ ಫ್ಲೋರ್ ಗೋಲು ಹೊಡೆಯಿತು. ನಮ್ಮ ಕಡೆಯ ಕುಂಟ ವಿಂಗರ್, ಅವನಿಗೆ ಎಡಗಾಲು ಎಲ್ಲಿದೆಯೆಂದೇ ಗೊತ್ತಿರಲಿಲ್ಲ, ಎಡಗಾಲಲ್ಲಿ ಹೊಡೆದ. ಒಂದಕ್ಕೆ ಒಂದು. ನನಗೆ ಖುಷಿಯಾಗಲಿಲ್ಲ. ತಲೆಗೆ ಬೆಂಕಿ ಬಿತ್ತು. ಜೆನೆಸಿಯೊ ಕುಣಿಯುತ್ತಿದ್ದುದನ್ನು ಕಂಡು ಇನ್ನಷ್ಟು ಎದೆಯಿಂದ ಕೂಗಿದೆ. ಸಾರಾಯಿ ಬೇಡವೆಂದೆ, ಕಡುಬು ಬೇಡವೆಂದೆ, ಗೋಲು ಬೇಕೆಂದೆ. ರೆಫರಿಗೆ ನಾನು ಕೊಟ್ಟ ಬೈಗುಳಗಳನ್ನು ಬ್ರೆಜೊದವರು ಈಗಲೂ ಮಕ್ಕಳಿಗೆ ಕಲಿಸುತ್ತಾರೆ.

ಆಟ ಮುಗಿಯುವ ಹೊತ್ತಿಗೆ ಬ್ರೆಜೊಗೆ ಪೆನಾಲ್ಟಿ ಸಿಕ್ಕಿತು. ವಾಲ್ದೆಸಿರ್ ಚೆಂಡಿಟ್ಟ. ಗೋಲು ಅಪ್ಪನ ಕಂಬದ ಮುಂದಿನದೇ. ಕ್ಲಿಯೋನಿಸ್ ಡೋಲು ಕೆಳಗಿಟ್ಟು ನನ್ನ ಕೈ ಹಿಡಿದಳು. "ಕೂಗು ಸೊರೊಕಾಬಾ. ನಂಗೆ ಆಗ್ತಾ ಇಲ್ಲ. ನನ್ನ ಮಗನಿಗೋಸ್ಕರ ಕೂಗು."

ಸುಮ್ಮನಿರಬಹುದಿತ್ತು. ಸುಮ್ಮನಿದ್ದಿದ್ದರೆ ಆ ಹುಡುಗ ಹೊಡೆಯುತ್ತಿದ್ದ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ನನ್ನ ಕಾಲು ಮರೆತೇ ಹೋಗಿತ್ತು. ಅವನು ಹೊಡೆಯಲಿ, ಬಲೆ ಹರಿಯಲಿ, ಚೆಂಡು ಬಲೆ ದಾಟಿ ಜೆನೆಸಿಯೊನ ಹಲ್ಲಿಗೆ ತಾಗಲಿ ಎಂದು ಹಾರೈಸಿ ಕೂಗಿದೆ. ನಾನು ಯಾವ ದೇವರ ಮುಂದೆಯೂ ಅಷ್ಟು ಶ್ರದ್ಧೆಯಿಂದ ಬೇಡಿದವನಲ್ಲ.

ವಾಲ್ದೆಸಿರ್ ಓಡಿ ಬಂದ, ಹೊಡೆದ. ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಎಷ್ಟು ದೂರ ಹಾರಿತೆಂದರೆ ಮೈದಾನದ ಅರ್ಧಕ್ಕೆ ಬಂದು ಬಿತ್ತು. ಅಲ್ಲಿ ನಮ್ಮ ಕುಂಟ ವಿಂಗರ್ ಒಬ್ಬನೇ ನಿಂತಿದ್ದ, ಅದೂ ಓಡಲಾರದೆ. ಅವನ ಮುಂದೆ ಬ್ರೆಜೊದ ಗೋಲು ಕಾಯುವ ಗೋಲಿಯೊಬ್ಬನನ್ನು ಬಿಟ್ಟು ಯಾರೂ ಇರಲಿಲ್ಲ. ನಿಂತಲ್ಲಿಂದಲೇ ಹೊಡೆದ. ಎರಡಕ್ಕೆ ಒಂದು. ರೆಫರಿ ಸೀಟಿ ಊದಿದ.

ನಮ್ಮವರ ಕಡೆಯಿಂದ ಪಟಾಕಿ ಹಾರಿತು, ಹೊಗೆ ತುಂಬಿತು. ನಾನು ಹಲಗೆಯ ಮೇಲೆ ಕುಸಿದು ಕೂತೆ. ಕಣ್ಣಲ್ಲಿ ನೀರು ಬರುತ್ತಿತ್ತು. ಹೊಗೆಯಿಂದ ಎಂದು ಬರೆಯಬಹುದಿತ್ತು, ಆದರೆ ಹೊಗೆ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಕ್ಲಿಯೋನಿಸ್ ನನ್ನ ಬೆನ್ನು ತಟ್ಟಿದಳು. "ಅಳಬೇಡ ಕಣೋ. ನಿನ್ನಷ್ಟು ಇವತ್ತು ಯಾರೂ ಕೂಗಲಿಲ್ಲ. ಮುಂದಿನ ವರ್ಷನೂ ಬಾ." ಮಗನನ್ನು ಎತ್ತಿ ತರಲು ಅವಳು ಮೈದಾನಕ್ಕೆ ಇಳಿದಳು. ಅವನು ಪೆನಾಲ್ಟಿ ಜಾಗದಲ್ಲಿ ಬೂದಿಯಲ್ಲಿ ಮುಖ ಇಟ್ಟು ಬಿದ್ದಿದ್ದ.

ಅಂಗಿ ಬದಲಾಯಿಸಲೂ ಇಲ್ಲ, ನೇರವಾಗಿ ನಮ್ಮವರ ಗೇಟಿಗೆ ಹೋದೆ. ಕಂಬಿಯ ಗೇಟು ಮುಚ್ಚಿತ್ತು. ಒಳಗೆ ದನದ ಮಾಂಸ ಸುಡುತ್ತಿದ್ದರು, ಕಪ್ಪಿನಲ್ಲಿ ಬಿಯರ್ ಸುರಿದು ಕುಡಿಯುತ್ತಿದ್ದರು. "ತೆಗೀರೋ," ಅಂದೆ.

ಜೆನೆಸಿಯೊ ಕಪ್ಪು ಹಿಡಿದುಕೊಂಡು ಬಂದ. ಜುಲ್ಮಿರಾನೂ ಬಂದಳು. ಗೇಟು ತೆಗೆಯಲಿಲ್ಲ.

"ಭಾವ, ಏನ್ ಕಾಲೋ ಮಾರಾಯ ನಿಂದು! ಪೆನಾಲ್ಟೀನೇ ನುಂಗಿಬಿಡ್ತು!"

"ಗೇಟು ತೆಗಿ. ನನ್ನ ಜಾಗ."

"ಅದು ಹೆಂಗಾಗತ್ತೆ ಭಾವ? ನೀನೇ ಯೋಚ್ನೆ ಮಾಡು. ಇಲ್ಲೀವರ್ಗೂ ನಿನ್ನ ಕಾಲಿನ ಬಗ್ಗೆ ಬರೀ ಗುಮಾನಿ ಇತ್ತು. ಇವತ್ತು ಸಾಬೀತಾಯ್ತಲ್ಲ! ಸಾಬೀತಾದ ಮೇಲೂ ಒಳಗೆ ಬಿಟ್ರೆ ಜನ ನನ್ನ ತಲೆ ತೆಗೀತಾರೆ."

"ಫ್ಲೋರ್ ಆಣೆ ಹಾಕಿದ್ಯಲ್ಲೋ!"

"ಫ್ಲೋರ್ ಒಳ್ಳೇದಕ್ಕೇ ಆಣೆ ಮುರೀತಿದ್ದೀನಿ. ನೀನೇನು ಬೇಜಾರು ಮಾಡ್ಕೋಬೇಡ, ಕೆಲಸ ಕೊಡ್ತೀವಿ. ಪ್ರತಿ ಭಾನುವಾರ ಎದುರಾಳಿಗಳ ಅಂಗಿ ಕೊಡ್ತೀವಿ, ಅವ್ರ ಜೊತೆ ಕೂತು ಕೂಗು. ತಿನ್ನೋಕೆ ಅವ್ರೇ ಕೊಡ್ತಾರೆ. ನೀನು ನಮ್ಮ ಫಿರಂಗಿ ಕಣೋ!" ಸುತ್ತ ಸೇರಿದವರು ಫಿರಂಗಿ, ಫಿರಂಗಿ ಎಂದು ಕೇಕೆ ಹಾಕಿದರು. ಗುಂಪಿನಲ್ಲಿ ಲಿಂದಾಲ್ವಾನೂ ಇದ್ದಳು. ಅವಳು ಕೇಕೆ ಹಾಕಲಿಲ್ಲ, ಆದರೆ ಗೇಟೂ ತೆಗೆಯಲಿಲ್ಲ.

ಸೋತರೆ ದ್ರೋಹಿ, ಗೆದ್ದರೆ ಅಪರಾಧಿ. ಇಂಥ ನ್ಯಾಯ ಮಾಡಲು ದೊಡ್ಡ ತಲೆ ಬೇಕು, ಜೆನೆಸಿಯೊನ ತಲೆ ನಿಜಕ್ಕೂ ದೊಡ್ಡದು, ಟೋಪಿ ಸಿಗುವುದಿಲ್ಲ. ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದೆ. ಪಟ್ಟೆ ಅಂಗಿ ಹರಿದು ಬಿಸಾಕಿದೆ. ಎದೆ ತುಂಬ ಉಸಿರು ಎಳೆದುಕೊಂಡೆ.

"ಫ್ಲೋರ್ ಬಾಳಲಿ!" ಎಂದು ಕೂಗಿದೆ.

ಗದ್ದಲ ನಿಂತಿತು. ಮಾಂಸ ತಿರುವುತ್ತಿದ್ದವನ ಕೈಯಿಂದ ಇಕ್ಕುಳ ಬಿತ್ತು.

"ಏಯ್," ಅಂದ ಜೆನೆಸಿಯೊ. "ಏನ್ ಮಾಡ್ತಿದ್ದೀಯ?"

"ಕೂಗ್ತಿದ್ದೀನಿ. ನಮ್ಮ ತಂಡಕ್ಕೆ. ಎದೆಯಿಂದ. ಫ್ಲೋರ್ ಮುಂದಿನ ವರ್ಷವೂ ಕಪ್ ಗೆಲ್ಲಲಿ! ನಮ್ಮ ಹುಡುಗರ ಕಾಲು ಗಟ್ಟಿಯಾಗಿರಲಿ! ನಮ್ಮ ಗೋಲಿ ನೂರು ವರ್ಷ ಬಾಳಲಿ!"

ಒಳಗೆ ನಮ್ಮ ಗೋಲಿ ಶಿಲುಬೆಯ ಗುರುತು ಹಾಕಿಕೊಂಡು ಅಡುಗೆಯ ಶೆಡ್ಡಿನೊಳಗೆ ಓಡಿದ. ಹೆಂಗಸರು ಕಿವಿ ಮುಚ್ಚಿಕೊಂಡರು. ಕುಂಟ ವಿಂಗರ್ ತನ್ನ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅವನ ಬಾಯಿ ಮುಚ್ಚಿಸ್ರಪ್ಪಾ!" ಎಂದು ಅರಚಿದ.

"ಬಸ್ಸಿಗೆ ಹಾಕಿದ್ರೂ ಇಳಿದು ಬರ್ತೀನಿ," ಅಂದೆ. "ಬಚ್ಚಲಲ್ಲಿ ಹಾಕಿದ್ರೂ ಕೂಗ್ತೀನಿ. ಪ್ರತಿ ಭಾನುವಾರ ಈ ಗೋಡೆ ಹೊರಗೆ ನಿಂತು ನಿಮ್ಮನ್ನೆಲ್ಲ ಪ್ರೀತಿ ಮಾಡ್ತೀನಿ ಕಣ್ರೋ. ನಮ್ಮಪ್ಪ ಮಾಡಿದಷ್ಟೇ ಪ್ರೀತಿ ಮಾಡ್ತೀನಿ. ಒಬ್ಬನೂ ಉಳಿಯಲ್ಲ."

ಜೆನೆಸಿಯೊನ ಮುಖ ಬೂದಿಯಾಯಿತು. ಅವನು ಜುಲ್ಮಿರಾ ಕಡೆ ತಿರುಗಿದ. "ಅಜ್ಜಿ, ಏನಾದ್ರೂ ದಾರಿ ಹೇಳು."

ಮುದುಕಿ ಒಸಡು ಅಗಿದಳು. "ದಾರಿ ಒಂದೇ. ಅವನನ್ನ ಒಳಗೆ ಬಿಡಿ, ಅವನ ಜಾಗಾನೂ ಕೊಡಿ. ಆದ್ರೆ ಅಲ್ಲಿ ನಿಂತು ಫ್ಲೋರ್‌ನ ಬೈಬೇಕು. ಆಟ ಮುಗಿಯೋವರ್ಗೂ. ಸೋಲಿ, ಹಾಳಾಗಿ ಹೋಗಿ ಅಂತ. ಆಗ ಗೆಲ್ತೀರಿ."

"ಎದೆಯಿಂದ ಬೈಬೇಕಲ್ಲ ಅಜ್ಜಿ?" ಅಂದ ಜೆನೆಸಿಯೊ. "ಇವನಿಗೆ ಬರತ್ತಾ?"

"ನೀನು ಅಧ್ಯಕ್ಷನಾಗಿರೋವರ್ಗೂ ಅದಕ್ಕೇನು ಕೊರತೆ ಇಲ್ಲ," ಅಂದೆ. "ಮತ್ತೆ ಕಂಬ ಮುಟ್ಟಿದ್ರೆ ಜೋಕೆ, ಅವತ್ತೇ ನಿನ್ನನ್ನ ಹೊಗಳಿ ಹಾಡು ಕಟ್ತೀನಿ."

ಗೇಟು ತೆಗೆದರು. ಗುಂಪು ಎರಡು ಸೀಳಾಗಿ ದಾರಿ ಬಿಟ್ಟಿತು, ನನ್ನ ಮೈ ತಾಗದ ಹಾಗೆ. ಯಾರೂ ಕೈ ಕುಲುಕಲಿಲ್ಲ. ಲಿಂದಾಲ್ವ ಮಾತ್ರ ನನ್ನ ಬರೀ ಮೈ ನೋಡಿ ತನ್ನ ಶಾಲು ಎಸೆದಳು, "ಹೊದ್ಕೋ, ಮಾನಗೇಡಿ" ಎಂದು.

ಅದರ ಮುಂದಿನ ಭಾನುವಾರದಿಂದ ಇವತ್ತಿನವರೆಗೂ ನಾನು ಅಪ್ಪನ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ನನ್ನ ಎಡಕ್ಕೂ ಬಲಕ್ಕೂ ಎತ್ತಿನಗಾಡಿ ತಿರುಗಿಸುವಷ್ಟು ಜಾಗ ಖಾಲಿ ಬಿಟ್ಟು ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಿಲ್ಲುತ್ತಾರೆ. ನಾನು ಬೈಯುತ್ತೇನೆ. ಗೋಲಿಯ ತಾತನನ್ನು ಬೈಯುತ್ತೇನೆ, ವಿಂಗರಿನ ಎರಡೂ ಕಾಲನ್ನು ಬೇರೆ ಬೇರೆಯಾಗಿ ಬೈಯುತ್ತೇನೆ, ಜೆನೆಸಿಯೊನನ್ನು ಹಬ್ಬದೂಟದ ಹಾಗೆ ಕೊನೆಗೆ ಇಟ್ಟುಕೊಂಡು ನಿಧಾನವಾಗಿ ಬೈಯುತ್ತೇನೆ. ನನ್ನ ಬೈಗುಳ ಕೇಳಲೆಂದೇ ಪಕ್ಕದ ಮೂರು ಬೀದಿಯವರು ಟಿಕೆಟ್ಟು ಕೊಂಡು ಬರುತ್ತಾರೆ. ಫ್ಲೋರ್ ಗೆಲ್ಲುತ್ತದೆ, ಅನ್ನದ ಮೇಲೆ ಆಣೆ, ಸುಮ್ಮನೆ ಗೆಲ್ಲುತ್ತಲೇ ಇದೆ. ನಾನು ಸರಿಯಾಗಿ ಬೈಯುತ್ತಿದ್ದೇನೆಯೇ ಎಂದು ನೋಡಿಕೊಳ್ಳಲು ದೋನಾ ಜುಲ್ಮಿರಾಳನ್ನು ನನ್ನ ಮುಂದೆಯೇ ಒಂದು ಕುರ್ಚಿ ಹಾಕಿ ಕೂರಿಸಿದ್ದಾರೆ. ಅವಳು ಆಟಕ್ಕೆ ಬೆನ್ನು ಹಾಕಿ ನನ್ನ ಮುಖವನ್ನೇ ನೋಡುತ್ತಾಳೆ.

ಮೊನ್ನೆ ನಮ್ಮ ವಿಂಗರ್ ಮೂರು ಜನರನ್ನು ದಾಟಿ, ಎದುರಾಳಿಗಳ ಗೋಲಿಯನ್ನು ಬೂದಿಯಲ್ಲಿ ಕೂರಿಸಿ, ಕಂಬದ ಮುಂದಿನ ಬಲೆಗೇ ಚೆಂಡು ಹಾಕಿದ. ಬಲೆ ಉಬ್ಬಿ ನನ್ನ ಮೂಗಿನ ಹತ್ತಿರ ಬಂತು. ಹಿಂದೆ ಇಡೀ ಬೀದಿ ಹುಚ್ಚೆದ್ದು ಕುಣಿಯುತ್ತಿತ್ತು.

"ಏಯ್ ದುರ್ವಲಿನೊ," ಮುದುಕಿ ಕುರ್ಚಿಯಿಂದ ಅರ್ಧ ಎದ್ದಳು. "ನಗ್ತಾ ಇದ್ದೀಯಾ?"

"ಇಲ್ಲಜ್ಜಿ," ಅಂದೆ. "ಹಲ್ಲು ಕಡೀತಾ ಇದ್ದೀನಿ."